ಎಸ್ಟರ್ ಕಟ್ಟುವುದು, ಎಸ್ಟರ್ ಒಡೆಯುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಅಸಿಟೋನ್ ಇಲ್ಲದ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸಾಮಾನ್ಯವಾಗಿ ಇರುವುದು ಈಥೈಲ್ ಅಸಿಟೇಟ್. ಮಿಠಾಯಿಗೆ ಬಾಳೆಹಣ್ಣಿನ ಘಮ ಕೊಡುವುದು ಐಸೋಅಮೈಲ್ ಅಸಿಟೇಟ್. ನೋವಿನ ಮುಲಾಮಿನ ಗಾಟು ವಾಸನೆ ಮೀಥೈಲ್ ಸ್ಯಾಲಿಸಿಲೇಟಿನದು. ಮೂರೂ ಎಸ್ಟರ್‌ಗಳೇ.

ಸಾವಯವ ಆಮ್ಲವೂ ಆಲ್ಕೋಹಾಲೂ ಕೂಡಿದರೆ ಎಸ್ಟರ್ ಆಗುತ್ತದೆ, ಜೊತೆಗೆ ನೀರೂ ಹುಟ್ಟುತ್ತದೆ. ಈ ನೀರೇ ತಕರಾರು. ಆದ ಎಸ್ಟರನ್ನು ಅದು ಮತ್ತೆ ಒಡೆಯುತ್ತದೆ. 60 ಗ್ರಾಂ ಅಸಿಟಿಕ್ ಆಮ್ಲ, 46 ಗ್ರಾಂ ಈಥೈಲ್ ಆಲ್ಕೋಹಾಲ್, ವೇಗವರ್ಧಕವಾಗಿ ತುಸು ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಎಷ್ಟು ಹೊತ್ತು ಕಾಯಿಸಿದರೂ ಮೂರರಲ್ಲಿ ಎರಡು ಪಾಲಷ್ಟೇ ಎಸ್ಟರ್ ಆಗುತ್ತದೆ. ಹೆಚ್ಚು ಬೇಕೆಂದರೆ ಆಮ್ಲ, ಆಲ್ಕೋಹಾಲುಗಳಲ್ಲಿ ಒಂದನ್ನು ಜಾಸ್ತಿ ಹಾಕಬೇಕು, ಇಲ್ಲವೇ ನೀರನ್ನು ಹೊರಗೆಳೆಯಬೇಕು. ಪ್ರಯೋಗಾಲಯದಲ್ಲಿ ಪ್ರನಾಳವನ್ನು ಬಿಸಿನೀರಿನಲ್ಲಿಟ್ಟೇ ಕಾಯಿಸಿ, ಬೆಂಕಿಗೆ ಹಿಡಿಯಬೇಡಿ. ಆಮೇಲೆ ಅಡುಗೆ ಸೋಡಾದ ದ್ರಾವಣಕ್ಕೆ ಸುರಿದರೆ ಉಳಿದ ಆಮ್ಲ ಬುಸುಗುಟ್ಟಿ ಹೋಗುತ್ತದೆ, ಎಸ್ಟರ್ ಮೇಲೆ ತೇಲಿ ಘಮ ಬಿಚ್ಚಿಕೊಳ್ಳುತ್ತದೆ.

ಸಾಬೂನಿನದು ತಿರುವುಮುರುವು ದಾರಿ. ಎಣ್ಣೆಯೂ ಎಸ್ಟರೇ: ಒಂದು ಗ್ಲಿಸರಿನ್, ಮೂರು ಕೊಬ್ಬಿನಾಮ್ಲ. ಕಾಸ್ಟಿಕ್ ಸೋಡಾ ಅದನ್ನು ಒಡೆದಾಗ ಆಮ್ಲ ಸೋಡಿಯಂ ಲವಣವಾಗುತ್ತದೆ. ಆ ಲವಣವೇ ಸಾಬೂನು. ಅದು ಗ್ಲಿಸರಿನ್ ಜೊತೆ ಮತ್ತೆ ಕೂಡುವುದಿಲ್ಲ. ಹಾಗಾಗಿ ಇಲ್ಲಿ ಕ್ರಿಯೆ ಪೂರ್ತಿಯಾಗುತ್ತದೆ, ತೂಕ ಸರಿಯಿದ್ದರೆ.

500 ಗ್ರಾಂ ತೆಂಗಿನೆಣ್ಣೆಗೆ ಸುಮಾರು 91 ಗ್ರಾಂ ಕಾಸ್ಟಿಕ್ ಬೇಕು. ಚರ್ಮದ ಸುರಕ್ಷತೆಗೆ ಶೇಕಡಾ 5 ಕಡಿಮೆ ಮಾಡಿ 87 ಗ್ರಾಂ ಹಾಕಿ. ನೀರು 200 ಗ್ರಾಂ. ಇದೇ ಲೆಕ್ಕವನ್ನು ಆಲಿವ್ ಎಣ್ಣೆಗೆ ಹಚ್ಚಿದರೆ ಸುಮಾರು 20 ಗ್ರಾಂ ಕಾಸ್ಟಿಕ್ ಹಾಗೇ ಉಳಿದು ಚರ್ಮ ಸುಡುತ್ತದೆ, ಅದಕ್ಕೆ ಬೇಕಾದದ್ದು 67 ಗ್ರಾಂ ಮಾತ್ರ. ಚಮಚದ ಅಳತೆಯನ್ನಂತೂ ಮರೆತುಬಿಡಿ.

ಕೈಗವಸು, ಕನ್ನಡಕ ಹಾಕಿಕೊಂಡು ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ. ಕಾಸ್ಟಿಕ್ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಂ ಕರಗಿ ಹೈಡ್ರೋಜನ್ ಬಿಡುತ್ತದೆ. ಕಾಸ್ಟಿಕ್ ನೀರು, ಎಣ್ಣೆ ಎರಡೂ ಸುಮಾರು 40 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಕೂಡಿಸಿ ಕಲಕಿ. ಚಮಚ ಎತ್ತಿದಾಗ ಬಿದ್ದ ಹನಿ ಮೇಲ್ಮೈಯಲ್ಲಿ ಗೆರೆಯಾಗಿ ನಿಂತರೆ ಅಚ್ಚಿಗೆ ಹೊಯ್ಯುವ ಹದ. ಎಣ್ಣೆ ತಣ್ಣಗಾಗಿ ಗಟ್ಟಿಯಾದರೂ ಹೀಗೇ ಕಾಣುತ್ತದೆ, ಅದಕ್ಕೆ ಮೋಸಹೋಗಬೇಡಿ; ಅಂಥದ್ದು ಅಚ್ಚಿನಲ್ಲಿ ಒಡೆದು ಎಣ್ಣೆ ಬೇರೆ, ಕ್ಷಾರ ಬೇರೆಯಾಗುತ್ತದೆ. ಮರುದಿನ ಕತ್ತರಿಸಿ, ನಾಲ್ಕು ವಾರ ಗಾಳಿಗಿಡಿ.

ಬಟ್ಟೆ ಒಗೆಯುವಾಗ ನೊರೆ ಬಾರದೆ ಬಿಳಿ ಗಸಿ ಕಂಡರೆ ದೂರು ಸಾಬೂನಿನದಲ್ಲ, ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದು. ಮೊದಲೇ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿಕೊಳ್ಳಿ.