ಕೋಲ್‌ಮನ್ ಪಿಟೀಲಿನ ಊರು ಗರ್ಟೀನ್‌ನಲ್ಲಿ ಒಂದು ದಿನ

ಈ ವಿಡಿಯೋದಲ್ಲಿ ಕಾಣುತ್ತಿರುವುದೇ ಗರ್ಟೀನ್, ಪಿಟೀಲು ವಾದಕ ಮೈಕಲ್ ಕೋಲ್‌ಮನ್ ಅವರ ಕಡೆಯ ಊರು. ಐರ್ಲೆಂಡಿನ ಸ್ಲೈಗೋ ಕೌಂಟಿ. ಡಬ್ಲಿನ್‌ನಿಂದ ಬ್ಯಾಲಿಮೋಟ್‌ವರೆಗೆ ರೈಲು, ಆಮೇಲೆ ಟ್ಯಾಕ್ಸಿ.

ಆ ಟ್ಯಾಕ್ಸಿ ವಿಷಯ ಹೇಳಲೇಬೇಕು. ಫೋನಿನಲ್ಲಿ 25 ಯೂರೋ ಅಂದಿದ್ದರು. ಇಳಿಯುವಾಗ 40 ಕೇಳಿದರು. ನನ್ನನ್ನು ಹತ್ತಿಸಿಕೊಳ್ಳೋಕೆ ದೂರದಿಂದ ಬಂದರಂತೆ, ಅದಕ್ಕೂ ಸೇರಿಸಿ ಅಂತೆ. ಹತ್ತಿರ ಹತ್ತಿರ ನಾಲ್ಕು ಸಾವಿರ ರೂಪಾಯಿ! ಮೊದಲೇ ಹೇಳಿದ್ದರೆ ಬೇಜಾರಿರಲಿಲ್ಲ. ಹೊರಗೆ ಮಳೆ, ಕೈಯಲ್ಲಿ ಕ್ಯಾಮೆರಾ, ಜಗಳ ಆಡೋಕೂ ಆಗಲಿಲ್ಲ. ಕೊಟ್ಟೆ. ಇನ್ನೂ ಹೊಟ್ಟೆ ಉರಿಯುತ್ತಿದೆ.

ಇರಲಿ, ಬಂದಿದ್ದು ಮೈಕಲ್ ಕೋಲ್‌ಮನ್‌ಗೋಸ್ಕರ. ಇಲ್ಲೇ ಪಕ್ಕದ ಕಿಲ್ಲಾವಿಲ್ ಕಡೆ 1891ರಲ್ಲಿ ಹುಟ್ಟಿದವರು. ನುಡಿಸಿದ್ದು ಫಿಡಲ್, ಅಂದರೆ ನಮ್ಮ ಪಿಟೀಲೇ. ನಾವು ನೆಲದ ಮೇಲೆ ಕೂತು ಅದರ ತಲೆಯನ್ನು ಪಾದಕ್ಕೆ ಆನಿಸುತ್ತೇವೆ, ಇವರು ಗಲ್ಲದ ಕೆಳಗೆ ಹಿಡಿಯುತ್ತಾರೆ. ನಮ್ಮ ಅಜ್ಜನ ಪಿಟೀಲು ಇನ್ನೂ ಅಟ್ಟದಲ್ಲಿದೆ, ತಂತಿ ಹೋಗಿವೆ... ಅಯ್ಯೋ, ಈ ದೃಶ್ಯ ಮುಗಿಯುತ್ತಾ ಬಂತು.

1914ರಲ್ಲಿ ಅವರು ಅಮೆರಿಕಕ್ಕೆ ಹೋದರು. 1921ರಿಂದ 1936ರವರೆಗೆ ನ್ಯೂಯಾರ್ಕ್‌ನಲ್ಲಿ ರೆಕಾರ್ಡ್ ಮಾಡಿದರು. ಪ್ಲೇಟಿನ ಒಂದು ಬದಿಗೆ ಮೂರು ನಿಮಿಷ, ಅಷ್ಟೇ. ಅಲ್ಲಿದ್ದ ನೆಂಟರು ಆ ಪ್ಲೇಟುಗಳನ್ನು ಊರಿಗೆ ಕಳಿಸಿದರು. ಇಲ್ಲಿನ ಹುಡುಗರು ಗ್ರಾಮಫೋನ್ ಮುಂದೆ ಕೂತು, ಒಂದೊಂದು ಸ್ವರ ಹಿಡಿದು ಕಲಿತರು. ಸ್ಲೈಗೋದವರಷ್ಟೇ ಅಲ್ಲ, ಬೇರೆ ಕೌಂಟಿಯವರೂ ತಮ್ಮ ಊರಿನ ಶೈಲಿ ಬಿಟ್ಟು ಇವರಂತೆ ನುಡಿಸತೊಡಗಿದರು.

ಇದು ನನಗೆ ಸರಿ ಅನಿಸಲಿಲ್ಲ. ಒಬ್ಬರ ಕೈಗೆ ಇಷ್ಟು ಊರುಗಳ ಕೈ ಸೋಲಬೇಕಾ?

ಆದರೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅವರ ರೆಕಾರ್ಡ್‌ಗಳನ್ನು ಕೇಳಿದೆ. ಜೊತೆಯ ಪಿಯಾನೋ ಕೆಲವು ಕಡೆ ತೀರಾ ಕೆಟ್ಟದಾಗಿದೆ, ಸ್ವರವೇ ಕೂಡುವುದಿಲ್ಲ. ಅದರ ಮೇಲೆ ಕೋಲ್‌ಮನ್ ಅವರ ಕಮಾನು ಮಾತ್ರ ನೀರಿನ ಹಾಗೆ ಹೋಗುತ್ತದೆ. ಎಲ್ಲೂ ಅವಸರವಿಲ್ಲ. ಅವರನ್ನು ಅನುಸರಿಸಿದವರ ತಪ್ಪೇನಿಲ್ಲ ಬಿಡಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

1945ರಲ್ಲಿ ನ್ಯೂಯಾರ್ಕ್‌ನಲ್ಲೇ ತೀರಿಕೊಂಡರು. ಸಮಾಧಿಯೂ ಅಲ್ಲೇ, ಬ್ರಾಂಕ್ಸ್‌ನಲ್ಲಿ.

ಈಗ ಈ ಪಬ್ ನೋಡಿ. ಮೂಲೆಯಲ್ಲಿ ನಾಲ್ವರು ಕೂತಿದ್ದಾರಲ್ಲ, ನುಡಿಸುತ್ತಿರುವುದು ‘ಟಾರ್ಬೋಲ್ಟನ್’ ಅನ್ನುವ ಟ್ಯೂನ್. 1934ರಲ್ಲಿ ಕೋಲ್‌ಮನ್ ಇದರ ಹಿಂದೆಯೇ ‘ಲಾಂಗ್‌ಫರ್ಡ್ ಕಲೆಕ್ಟರ್’, ಆಮೇಲೆ ‘ಸೇಲರ್ಸ್ ಬಾನೆಟ್’ ಸೇರಿಸಿ ರೆಕಾರ್ಡ್ ಮಾಡಿದರು. ಇವತ್ತಿಗೂ ಇವು ಮೂರೂ ಅದೇ ಸಾಲಿನಲ್ಲೇ ಬರುತ್ತವೆ. ಇಲ್ಲಿ ತಿರುಗಿತು, ಎರಡನೆಯದು. ಸ್ವಲ್ಪ ತಡೆಯಿರಿ... ಹಾಂ, ಈಗ ಮೂರನೆಯದು.