ಜಗುಲಿ ಮೇಲೆ ಎಷ್ಟು ಜನ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹತ್ತನೇ ತರಗತಿ ಓದುವ ಮಕ್ಕಳಿದ್ದರೆ ಸ್ವಲ್ಪ ರೇಡಿಯೋ ಹತ್ತಿರ ಕರೆಯಿರಿ. ಅಮ್ಮಂದಿರೇ, ಒಗ್ಗರಣೆ ಮುಗಿದಿದ್ದರೆ ನೀವೂ ಬನ್ನಿ. ಇವತ್ತಿನ ವಿಷಯ ಆವರ್ತ ಕೋಷ್ಟಕ, ಅಂದರೆ ಎಲ್ಲ ಧಾತುಗಳನ್ನೂ ಒಂದೊಂದು ಮನೆಯಲ್ಲಿ ಕೂರಿಸಿದ ಪಟ್ಟಿ. ಹೆಸರು ಕೇಳಿ ಯಾರೂ ಎದ್ದು ಹೋಗಬೇಡಿ. ನನಗೆ ಕೊಟ್ಟಿರುವುದು ಹತ್ತು ನಿಮಿಷ. ಅಷ್ಟರಲ್ಲಿ ಒಂದೇ ಒಂದು ಮಾತು ನಿಮ್ಮ ತಲೆಯಲ್ಲಿ ಕೂತರೆ ನಾನು ಬಂದ ಕೆಲಸ ಆಯಿತು.

ಆ ಮಾತು ಇದು. ಕೋಷ್ಟಕವನ್ನು ಅಡ್ಡಡ್ಡ ಬಾಯಿಪಾಠ ಮಾಡಬೇಡಿ. ಮೇಲಿಂದ ಕೆಳಕ್ಕೆ ಓದಿ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು ನಾನು. ಪ್ರತಿ ವರ್ಷ ಅದೇ ರಾಗ. ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ... ಮಗ್ಗಿ ಒಪ್ಪಿಸಿದ ಹಾಗೆ ಇಪ್ಪತ್ತು ಧಾತುಗಳ ಹೆಸರು ಒಂದೇ ಉಸಿರಿಗೆ. ಒಮ್ಮೆ ಒಬ್ಬ ಹುಡುಗನನ್ನು ಕೇಳಿದೆ, "ಭೇಷ್! ಈಗ ಹೇಳಪ್ಪಾ, ಸೋಡಿಯಂ ಕೆಳಗಿನ ಮನೆಯಲ್ಲಿ ಯಾರಿದ್ದಾರೆ?" ಅವನು ತಲೆ ಕೆರೆದುಕೊಂಡು, "ನಡುವಿಂದ ಕೇಳಿದ್ರೆ ಬರಲ್ಲ ಸಾರ್, ಮೊದಲಿಂದ ಹೇಳ್ಲಾ?" ಅಂದ. ತಪ್ಪು ಅವನದಲ್ಲ ಬಿಡಿ. ನಾವು ಮೇಷ್ಟ್ರುಗಳೇ ಹಾಗೆ ಕಲಿಸಿದ್ದು.

ಮೊದಲು ಪರಮಾಣುವಿನ ಒಳಗೆ ಇಣುಕೋಣ. ಹಳೇ ಕಾಲದ ಒಂದು ಹಳ್ಳಿ ಮನೆಯನ್ನು ನೆನೆಸಿಕೊಳ್ಳಿ. ಒಳಗೆ ನಟ್ಟ ನಡುವೆ ಮನೆಯ ಯಜಮಾನರು. ಅದೇ ನ್ಯೂಕ್ಲಿಯಸ್. ಪ್ರೋಟಾನ್, ನ್ಯೂಟ್ರಾನ್ ಇರುವುದು ಅಲ್ಲಿ. ಪ್ರೋಟಾನ್ ಎಷ್ಟಿದೆಯೋ ಅದೇ ಮನೆಯ ನಂಬರು, ಅಂದರೆ ಪರಮಾಣು ಸಂಖ್ಯೆ. ಅದರ ಸುತ್ತ ಕವಚ ಕವಚವಾಗಿ ಇಲೆಕ್ಟ್ರಾನ್‌ಗಳು. ಮೊದಲ ಕವಚದಲ್ಲಿ 2, ಆಮೇಲಿನದರಲ್ಲಿ 8, ಹೀಗೆ. ಎಲ್ಲಕ್ಕಿಂತ ಹೊರಗಿನ ಕವಚ ಇದೆಯಲ್ಲ, ಅದು ಮನೆಯ ಜಗುಲಿ. ಬೀದಿಯವರ ಜೊತೆ ಮಾತು, ಕೊಡೋದು ತಗೊಳ್ಳೋದು, ಜಗಳ, ಎಲ್ಲ ನಡೆಯುವುದು ಜಗುಲಿಯಲ್ಲೇ. ಒಳಗಿರುವವರು ಹೊರಗೆ ಬರುವುದಿಲ್ಲ. ರಸಾಯನ ವಿಜ್ಞಾನ ಅಂದರೆ ಜಗುಲಿ ವ್ಯವಹಾರ, ಅಷ್ಟೇ.

ಲಿಥಿಯಂ ನೋಡಿ, 2, 1. ಅದರ ಕೆಳಗೆ ಸೋಡಿಯಂ, 2, 8, 1. ಅದರ ಕೆಳಗೆ ಪೊಟ್ಯಾಸಿಯಂ, 2, 8, 8, 1. ಮನೆ ದೊಡ್ಡದಾಗುತ್ತಾ ಹೋಯಿತು, ಆದರೆ ಜಗುಲಿಯಲ್ಲಿ ಕೂತಿರುವವನು ಒಬ್ಬನೇ. ಅವನಿಗೂ ಎದ್ದು ಹೋಗುವ ಆತುರ. ಅದಕ್ಕೇ ಮೂರಕ್ಕೂ ಒಂದೇ ಸ್ವಭಾವ. ಮೂರೂ ನೀರು ಕಂಡರೆ ಸುಮ್ನಿರುವುದಿಲ್ಲ. ಸೋಡಿಯಂ ಚೂರು ನೀರಿಗೆ ಬಿದ್ದರೆ ಕರಗಿ ಗುಂಡಗಾಗಿ ಸುಂಯ್ ಅಂತ ನೀರಿನ ಮೇಲೆ ಓಡಾಡುತ್ತದೆ. ಪೊಟ್ಯಾಸಿಯಂ ಆದರೆ ತಿಳಿ ನೇರಳೆ ಬಣ್ಣದಲ್ಲಿ ಹೊತ್ತಿಯೇ ಉರಿಯುತ್ತದೆ. ಕೆಳಗೆ ಹೋದಷ್ಟೂ ಸಿಟ್ಟು ಜಾಸ್ತಿ. ಸೋಡಿಯಂ ಅನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುವುದು ಇದಕ್ಕೇ. ಇದನ್ನೆಲ್ಲ ಮೇಷ್ಟ್ರು ಮಾಡಿ ತೋರಿಸಿದಾಗ ದೂರ ನಿಂತು ನೋಡಿ, ನೀವು ಮಾಡಲು ಹೋಗಬೇಡಿ.

ಬಲಗಡೆ ಕ್ಲೋರಿನ್. 2, 8, 7. ಎಂಟು ಜನ ಕೂರುವ ಜಗುಲಿಯಲ್ಲಿ ಒಂದು ಜಾಗ ಖಾಲಿ. ಸೋಡಿಯಂ ಒಬ್ಬನನ್ನು ಕಳಿಸಿತು, ಕ್ಲೋರಿನ್ ಬಾ ಅಂತ ಕೂರಿಸಿಕೊಂಡಿತು. ನಿಮ್ಮ ಅಡುಗೆಮನೆಯ ಉಪ್ಪು ತಯಾರು. ಅದರ ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಇರುವ ಕೊನೆಯ ಕಂಬಸಾಲು ಹೀಲಿಯಂ, ನಿಯಾನ್, ಆರ್ಗಾನ್. ಅವರ ಜಗುಲಿ ಭರ್ತಿ. ಬೀದಿಯ ಗೊಡವೆಯೇ ಬೇಡ ಅವರಿಗೆ.

ಈಗ ನನಗೆ ಬಲು ಇಷ್ಟದ ಕಥೆ. ಇದನ್ನು ಹೇಳದೆ ನಾನು ಒಂದು ವರ್ಷವೂ ಈ ಪಾಠ ಮುಗಿಸಿದವನಲ್ಲ.

ರಷ್ಯಾದ ಸೈಬೀರಿಯಾದಲ್ಲಿ ತೊಬೋಲ್ಸ್ಕ್ ಅಂತ ಒಂದು ಊರು. 1834ರಲ್ಲಿ ಅಲ್ಲಿ ಹುಟ್ಟಿದವರು ಡಿಮಿಟ್ರಿ ಮೆಂಡೆಲೀವ್. ದೊಡ್ಡ ಸಂಸಾರ. ತಂದೆಗೆ ಕಣ್ಣು ಹೋಯಿತು. ತಾಯಿ ಗಾಜಿನ ಕಾರ್ಖಾನೆ ನಡೆಸಿ ಮಕ್ಕಳನ್ನು ಸಾಕಿದರು. ಆಮೇಲೆ ಆ ಕಾರ್ಖಾನೆಯೂ ಸುಟ್ಟುಹೋಯಿತು. ಆ ತಾಯಿ ಮಗನನ್ನು ಕರೆದುಕೊಂಡು ಸಾವಿರಾರು ಮೈಲಿ ದಾಟಿ ಪೀಟರ್ಸ್‌ಬರ್ಗ್‌ಗೆ ಹೋಗಿ ಓದಿಗೆ ಸೇರಿಸಿದರು. ಅದೇ ವರ್ಷ, 1850ರಲ್ಲಿ, ತೀರಿಕೊಂಡರು. ಮಗ ಮುಂದೆ ಮೇಷ್ಟ್ರಾದ. ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಬರೆಯಲು ಕೂತ. ಆಗ ಗೊತ್ತಿದ್ದ ಧಾತುಗಳು 63. ಇವನ್ನು ಯಾವ ಕ್ರಮದಲ್ಲಿ ಪಾಠ ಮಾಡೋದು? ಕೋಷ್ಟಕ ಹುಟ್ಟಿದ್ದು ಈ ತಲೆನೋವಿನಿಂದ, 1869ರಲ್ಲಿ.

ಪರಮಾಣು ತೂಕದ ಪ್ರಕಾರ ಒಂದೊಂದನ್ನೇ ಕೂರಿಸುತ್ತಾ ಬಂದರು. ಸತುವಿನವರೆಗೆ ಬಂತು. ಆಮೇಲಿನದು ಆರ್ಸೆನಿಕ್. ಲೆಕ್ಕದ ಪ್ರಕಾರ ಅದು ಅಲ್ಯೂಮಿನಿಯಂ ಕೆಳಗೆ ಕೂರಬೇಕು. ಆದರೆ ಆರ್ಸೆನಿಕ್ ಸ್ವಭಾವ ಅಲ್ಯೂಮಿನಿಯಂ ಥರ ಇಲ್ಲವೇ ಇಲ್ಲ, ರಂಜಕದ ಥರ ಇದೆ. ನಾನು ನೀವು ಆಗಿದ್ದರೆ ಏನು ಮಾಡುತ್ತಿದ್ದೆವು? ಸಾಲು ಕೆಡಬಾರದು ಅಂತ ಹಾಗೇ ತುರುಕುತ್ತಿದ್ದೆವು. ಮೆಂಡೆಲೀವ್ ಅದನ್ನು ಎತ್ತಿ ರಂಜಕದ ಕೆಳಗೇ ಇಟ್ಟರು. ನಡುವೆ ಎರಡು ಮನೆ ಖಾಲಿ ಬಿತ್ತು. ಬೀಳಲಿ, ಅಲ್ಲಿರಬೇಕಾದವರು ಇನ್ನೂ ಸಿಕ್ಕಿಲ್ಲ ಅಂದರು! ನೋಡಿ, ಅಡ್ಡಸಾಲಿಗಿಂತ ಕಂಬಸಾಲು ಮುಖ್ಯ ಅಂತ ಅವರಿಗೆ ಅಷ್ಟು ಗಟ್ಟಿ. ಇಲೆಕ್ಟ್ರಾನ್ ಅನ್ನುವುದು ಸಿಕ್ಕಿದ್ದೇ 1897ರಲ್ಲಿ. ಜಗುಲಿ ಕಾಣದೆಯೇ ಜಗುಲಿ ಲೆಕ್ಕ ಹಿಡಿದವರು ಅವರು.

ಅಲ್ಯೂಮಿನಿಯಂ ಕೆಳಗಿನ ಖಾಲಿ ಮನೆಗೆ ಒಂದು ಹೆಸರನ್ನೂ ಇಟ್ಟರು. ಏಕ-ಅಲ್ಯೂಮಿನಿಯಂ. ಹೌದು, ನಮ್ಮ ಏಕ, ದ್ವಿ, ತ್ರಿ ಇದೆಯಲ್ಲ, ಅದೇ ಸಂಸ್ಕೃತದ ಏಕ. ಅಲ್ಯೂಮಿನಿಯಂನಿಂದ ಒಂದು ಮನೆ ಕೆಳಗೆ ಅಂತ ಅರ್ಥ. ತೂಕ 68ರ ಹತ್ತಿರ, ಸಾಂದ್ರತೆ 5.9, ಬೇಗ ಕರಗುತ್ತದೆ ಅಂತ ಜಾತಕವನ್ನೂ ಬರೆದುಬಿಟ್ಟರು.

1875ರಲ್ಲಿ ಫ್ರಾನ್ಸಿನ ಬ್ವಾಬೋದ್ರಾನ್ ಎಂಬ ವಿಜ್ಞಾನಿಗೆ ಸತುವಿನ ಅದಿರಿನಲ್ಲಿ ಹೊಸ ಧಾತು ಸಿಕ್ಕಿತು. ಗ್ಯಾಲಿಯಂ. ಅವರು ಅಳೆದಾಗ ಸಾಂದ್ರತೆ ಬಂದಿದ್ದು 4.7. ಮೆಂಡೆಲೀವ್ ಕಾಗದ ಬರೆದರು. ನಿಮ್ಮ ಗ್ಯಾಲಿಯಂ ಶುದ್ಧವಾಗಿಲ್ಲ, ಇನ್ನೊಂದು ಸಲ ಶುದ್ಧ ಮಾಡಿ ಅಳೆಯಿರಿ ಅಂತ! ಯೋಚನೆ ಮಾಡಿ. ವಸ್ತು ಇರುವುದು ಅವರ ಕೈಯಲ್ಲಿ. ಇವರು ಅದರ ಒಂದು ಚೂರನ್ನೂ ಕಂಡವರಲ್ಲ. ಬ್ವಾಬೋದ್ರಾನ್ ಮತ್ತೆ ಶುದ್ಧ ಮಾಡಿ ಅಳೆದರು. ಎಷ್ಟು ಬಂತು? 5.9.

ನನಗೆ ಇದನ್ನು ಹೇಳುವಾಗ ಈಗಲೂ ಮೈ ಜುಂ ಅನ್ನುತ್ತದೆ. ಅಂದ ಹಾಗೆ ಗ್ಯಾಲಿಯಂ ಸುಮಾರು 30 ಡಿಗ್ರಿಗೆ ಕರಗುತ್ತದೆ. ಅಂಗೈಯಲ್ಲಿ ಹಿಡಿದರೆ ನೀರಾಗುತ್ತದೆ. ಏಪ್ರಿಲ್‌ನ ರಾಯಚೂರಿನಲ್ಲಿ ಮೇಜಿನ ಮೇಲೆ ಇಟ್ಟರೆ ಸಾಕು, ಕೈಯೂ ಬೇಡ.

ಇನ್ನೊಂದು ಖಾಲಿ ಮನೆಗೆ 1886ರಲ್ಲಿ ಜರ್ಮೇನಿಯಂ ಬಂತು. ಆ ಕಥೆಯೂ ಚೆನ್ನಾಗಿದೆ, ಆದರೆ ಎಂಟು ನಿಮಿಷ ಆಗಲೇ ಹೋಯಿತು. 1913ರಲ್ಲಿ ಮೋಸ್ಲಿ ಎಂಬ ಇಂಗ್ಲಿಷ್ ಹುಡುಗ ತೂಕದ ಬದಲು ಮನೆ ನಂಬರ್ ಪ್ರಕಾರ, ಅಂದರೆ ಪರಮಾಣು ಸಂಖ್ಯೆಯ ಪ್ರಕಾರ, ಸಾಲು ಸರಿಮಾಡಲು ದಾರಿ ತೋರಿಸಿದ. ಎರಡೇ ವರ್ಷಕ್ಕೆ ಯುದ್ಧದಲ್ಲಿ ಸತ್ತ, 27 ವಯಸ್ಸು. ಈಗ ಧಾತುಗಳು 118. ನಡುವೆ ಇರುವ ಕಬ್ಬಿಣ, ತಾಮ್ರದವರ ಸುದ್ದಿಗೆ ನೀವು ಈಗಲೇ ಹೋಗಬೇಡಿ.

ಮಕ್ಕಳೇ, ಪೆನ್ಸಿಲ್ ತಗೊಳ್ಳಿ. ಕ್ಯಾಲ್ಸಿಯಂ ಮನೆ ನಂಬರ್ 20. ಇಪ್ಪತ್ತು ಇಲೆಕ್ಟ್ರಾನ್‌ಗಳನ್ನು ಒಳಗಿನಿಂದ ಕೂರಿಸುತ್ತಾ ಬನ್ನಿ. 2, 8, 8, ಆಮೇಲೆ? ಜಗುಲಿಯಲ್ಲಿ ಎಷ್ಟು ಜನ ಉಳಿದರು? ಅಷ್ಟೇ ಜನ ಇರುವ ಇನ್ನೊಂದು ಮನೆ ಅದರ ತಲೆಯ ಮೇಲೇ ಇದೆ. ಅದು ಯಾರದು? ಪುಸ್ತಕ ತೆಗೆಯದೆ ಅಮ್ಮನಿಗೆ ಹೇಳಿ. ನಮಸ್ಕಾರ.