ಹಳೆಯ ಆಟೋಮ್ಯಾಟಿಕ್ ಕಾರಿನ ಗೇರು ಬಿಗಿಯಾಗಿ ಬೀಳಬೇಕಾದರೆ

ಕೇಳುಗರಿಗೆ ನಮಸ್ಕಾರ.

ಕಬ್ಬು ಅರೆಯುವ ದಿನಗಳಲ್ಲಿ ಮಂಡ್ಯದ ಕಡೆ ಹಳೆಯ ಆಟೋಮ್ಯಾಟಿಕ್ ಕಾರು ಓಡಿಸಿದವರಿಗೆ ಇದು ಗೊತ್ತಿರುತ್ತದೆ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್, ದಾಟಲು ಜಾಗವಿಲ್ಲ. ಕಾರು ಒಂದನೇ ಗೇರೋ ಎರಡನೆಯದೋ ಎಂದು ಹೊಯ್ದಾಡುತ್ತದೆ. ಗೇರು ಬದಲಾಗುವಾಗ ಎಂಜಿನ್ ಸುಮ್ಮನೆ ಒಮ್ಮೆ ಕೂಗುತ್ತದೆ, ಆಮೇಲೆ ಕಾರು ಮೆಲ್ಲಗೆ ಹಿಡಿದುಕೊಳ್ಳುತ್ತದೆ. ಆ ನಡುವಿನ ಜಾರಾಟವನ್ನು ಕಡಿಮೆ ಮಾಡುವ ಬಗ್ಗೆ ಇವತ್ತು ಮಾತಾಡೋಣ.

ಅಂಬಾಸಿಡರ್, ಫಿಯಟ್ ಕಾಲದಲ್ಲಿ ನಮ್ಮಲ್ಲಿ ಎಲ್ಲವೂ ಕ್ಲಚ್ ಪೆಡಲ್ಲಿನ ಗಾಡಿಗಳೇ. ಆಟೋಮ್ಯಾಟಿಕ್ ಬಂದದ್ದು ವಿದೇಶಿ ಕಾರುಗಳ ಜೊತೆಗೆ. ಷೆವ್ರೊಲೆ 1950ರಿಂದ 1973ರವರೆಗೆ ಕೊಟ್ಟ ಪವರ್‌ಗ್ಲೈಡ್ ಗೇರ್‌ಬಾಕ್ಸಿನಲ್ಲಿ ಮುಂದಕ್ಕೆ ಎರಡೇ ಗೇರು. ಹಲವು ಇಂಪಾಲಾಗಳಲ್ಲಿ ಇದ್ದದ್ದು ಅದೇ. ಆಮೇಲೆ ಮರ್ಸಿಡಿಸ್ 123 ಸರಣಿಯ ಕಾರುಗಳು ಬಂದವು. ಕೈ ಪಳಗಲು ಗಾಡಿಗಳೇ ಇಲ್ಲದಿದ್ದಾಗ ಮೆಕ್ಯಾನಿಕ್‌ಗಳು ‘ಆಟೋಮ್ಯಾಟಿಕ್ಕಾ, ಬೇಡ ಸಾರ್’ ಎಂದರೆ ತಪ್ಪೇನೂ ಇಲ್ಲ.

ಈ ಗೇರ್‌ಬಾಕ್ಸುಗಳಲ್ಲಿ ಕಂಪ್ಯೂಟರ್ ಇಲ್ಲ. ತೀರ್ಮಾನವೆಲ್ಲ ಎಣ್ಣೆಯದು. ಎಂಜಿನ್ ತಿರುಗಿಸುವ ಪಂಪು ಒತ್ತಡ ಕೊಡುತ್ತದೆ. ಆ ಎಣ್ಣೆ ವಾಲ್ವ್ ಬಾಡಿ ಎಂಬ ಲೋಹದ ಗಟ್ಟಿಯೊಳಗೆ ಹರಿಯುತ್ತದೆ. ಅದರ ತುಂಬ ಅಂಕುಡೊಂಕು ಕಾಲುವೆ, ಪುಟ್ಟ ವಾಲ್ವು, ಸ್ಪ್ರಿಂಗು, ಬಟಾಣಿ ಗಾತ್ರದ ಗುಂಡು. ಕಾರಿನ ವೇಗವನ್ನು ಗವರ್ನರ್ ತಿಳಿಸುತ್ತದೆ. ನೀವು ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎನ್ನುವುದನ್ನು ಕೇಬಲ್ಲೋ, ಎಂಜಿನ್ನಿನ ಹೀರುವ ಸೆಳೆತವನ್ನು ತರುವ ವ್ಯಾಕ್ಯೂಮ್ ಕೊಳವೆಯೋ ತಿಳಿಸುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಬಹಳ ಜನ ಕಲಸಿಬಿಡುತ್ತಾರೆ. ಗೇರು ಯಾವಾಗ ಬೀಳಬೇಕು ಎನ್ನುವುದು ಒಂದು. ಬೀಳಲು ಎಷ್ಟು ಹೊತ್ತು ಹಿಡಿಯಬೇಕು ಎನ್ನುವುದು ಇನ್ನೊಂದು. ಬೇಗ ಬೀಳಲಿ ಎಂದು ಗವರ್ನರ್ ಬಿಚ್ಚಿದರೆ ಜಾರಾಟ ಹಾಗೇ ಉಳಿಯುತ್ತದೆ.

ಕಾರ್ಖಾನೆಯವರು ಈ ಜಾರಾಟವನ್ನು ಬೇಕೆಂದೇ ಇಟ್ಟಿರುತ್ತಾರೆ. ಪೆಡಲ್ ಇಲ್ಲದಿದ್ದರೂ ಗೇರ್‌ಬಾಕ್ಸಿನೊಳಗೆ ಗೇರನ್ನು ಹಿಡಿಯುವ ಕ್ಲಚ್ ಇರುತ್ತದೆ; ಅದಕ್ಕೆ ಹೋಗುವ ಎಣ್ಣೆ ಒಂದು ಸಣ್ಣ ತೂತಿನ ಮೂಲಕ ಹಾಯಬೇಕು. ಜೊತೆಗೆ ಅಕ್ಯುಮುಲೇಟರ್ ಎಂಬ ಸ್ಪ್ರಿಂಗಿನ ಪಿಸ್ಟನ್ ಸ್ವಲ್ಪ ಎಣ್ಣೆಯನ್ನು ತಾನು ನುಂಗಿ ಹೊಡೆತವನ್ನು ಮೆತ್ತಗೆ ಮಾಡುತ್ತದೆ. ಹಿಂದೆ ಕೂತವರ ಕುತ್ತಿಗೆಗೆ ಸುಖ. ಆದರೆ ಬಾವಿಯ ಹಗ್ಗ ಕೈಯಲ್ಲಿ ಜಾರಿದರೆ ಅಂಗೈ ಸುಡುವಂತೆ, ಪ್ರತಿ ಜಾರಿಕೆಗೂ ಕ್ಲಚ್ ಪ್ಲೇಟು ಕಾಯುತ್ತದೆ, ಎಣ್ಣೆ ಕಪ್ಪಾಗುತ್ತದೆ. ಅದಕ್ಕೇ ಗೇರು ಒಂದು ಮಿತಿಯೊಳಗೆ ಬಿಗಿಯಾಗಿ ಬಿದ್ದರೆ ಗೇರ್‌ಬಾಕ್ಸಿಗೆ ಆಯಸ್ಸು ಹೆಚ್ಚು. ಬರೀ ಷೋಕಿಯ ಕೆಲಸ ಇದಲ್ಲ.

ಷಿಫ್ಟ್ ಕಿಟ್ ಎನ್ನುವುದರಲ್ಲಿ ಇರುವುದು ಇಷ್ಟೇ: ವಾಲ್ವ್ ಬಾಡಿಯ ತಗಡಿನ ತೂತುಗಳನ್ನು ಹೇಳಿದ ಅಳತೆಗೆ ದೊಡ್ಡದು ಮಾಡುವುದು, ಅಕ್ಯುಮುಲೇಟರಿಗೆ ಬಿಗಿ ಸ್ಪ್ರಿಂಗು, ಒತ್ತಡ ಹೆಚ್ಚಿಸಲು ಇನ್ನೊಂದು ಸ್ಪ್ರಿಂಗು. 1964ರ ಫೋರ್ಡ್ ಸಿ4, 1969ರ ಟರ್ಬೊ ಹೈಡ್ರಾಮ್ಯಾಟಿಕ್ 350ರಂಥ ಅಮೆರಿಕನ್ ಗೇರ್‌ಬಾಕ್ಸುಗಳಿಗೆ ಇವು ಸಿಗುತ್ತವೆ. ಕೆಲಸ ಮಾಡುವಾಗ ಗುಂಡುಗಳು ಉದುರುತ್ತವೆ. ಯಾವುದು ಎಲ್ಲಿತ್ತು ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನೂಲು ಬಿಡುವ ಬಟ್ಟೆಯಲ್ಲಿ ಒರೆಸಬೇಡಿ. ಒಂದು ಎಳೆ ಸಾಕು, ವಾಲ್ವು ಸಿಕ್ಕಿಕೊಳ್ಳುತ್ತದೆ.

ಕಿಟ್ ತರಿಸುವ ಮೊದಲು ಎಣ್ಣೆಯನ್ನು ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ಪ್ಲೇಟುಗಳೇ ಹೋಗಿರಬಹುದು. ಅದಕ್ಕೆ ಕಿಟ್ ಮದ್ದಲ್ಲ, ಬಿಚ್ಚಿ ಓವರ್‌ಹಾಲ್ ಮಾಡಬೇಕು. ವ್ಯಾಕ್ಯೂಮ್ ಮಾಡ್ಯುಲೇಟರ್, ಅಂದರೆ ಆ ಸೆಳೆತಕ್ಕೆ ತಕ್ಕಂತೆ ಎಣ್ಣೆಯ ಒತ್ತಡ ಹೊಂದಿಸುವ ಭಾಗ, ಇರುವ ಗಾಡಿಯಾದರೆ ಅದರ ರಬ್ಬರ್ ಕೊಳವೆ ನೋಡಿ. ಕೊಳವೆ ಬಿರುಕುಬಿಟ್ಟರೆ ಗೇರು ತಡವಾಗಿ, ಧಡಕ್ಕನೆ ಬೀಳುತ್ತದೆ. ‘ಪಿಕಪ್ ಚೆನ್ನಾಗಾಯಿತು’ ಎಂದು ಖುಷಿಪಡುವವರೂ ಇದ್ದಾರೆ! ಮಾಡ್ಯುಲೇಟರಿನ ಒಳಗಿನ ಪೊರೆಯೇ ಹರಿದರೆ ಎಂಜಿನ್ ಗೇರ್ ಎಣ್ಣೆಯನ್ನು ಹೀರುತ್ತದೆ: ನೆಲದ ಮೇಲೆ ಒಂದು ತೊಟ್ಟೂ ಇರುವುದಿಲ್ಲ, ಎಣ್ಣೆ ಮಾತ್ರ ಇಳಿಯುತ್ತಿರುತ್ತದೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆ. ಡೀಸೆಲ್ ಮರ್ಸಿಡಿಸ್‌ಗೆ ವ್ಯಾಕ್ಯೂಮ್ ಬರುವುದು ಬೇರೆ ಪಂಪಿನಿಂದ, ಆದ್ದರಿಂದ ಅಲ್ಲಿ ಪಂಪು, ಕೊಳವೆ ಎರಡನ್ನೂ ಪರೀಕ್ಷಿಸಬೇಕು.

ಕಿಟ್‌ಗಳಲ್ಲಿ ಸೌಮ್ಯದ್ದೂ ಉಂಟು, ರೇಸಿನದ್ದೂ ಉಂಟು. ನನ್ನನ್ನು ಕೇಳಿದರೆ ಸೌಮ್ಯದ್ದೇ ಸಾಕು. ಭಾನುವಾರ ಮನೆಮಂದಿಯನ್ನು ಚಾಮುಂಡಿ ಬೆಟ್ಟಕ್ಕೆ ಕರೆದೊಯ್ಯುವ ಗಾಡಿಗೆ ರೇಸ್ ಕಿಟ್ ಯಾತಕ್ಕೆ? ಆ ಹೊಡೆತ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಷಾಫ್ಟಿಗೆ, ಅದರ ಕ್ರಾಸಿಗೆ, ಎಂಜಿನ್ ಮೌಂಟಿಂಗಿಗೆ ಹೋಗುತ್ತದೆ. ಐವತ್ತು ವರ್ಷದ ರಬ್ಬರು ಎಷ್ಟು ತಡೆದೀತು? ಮತ್ತೆ, ತಗಡಿಗೆ ಕೊರೆದ ತೂತನ್ನು ಚಿಕ್ಕದು ಮಾಡಲಾಗುವುದಿಲ್ಲ. ಚಿಕ್ಕ ಅಳತೆಯಿಂದಲೇ ಶುರುಮಾಡಿ.

ಎಲ್ಲ ಜೋಡಿಸಿದ ಮೇಲೆ ಕಾರಿನ ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಣ್ಣೆ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಮಟ್ಟ ಅಳೆಯುವ ಕಡ್ಡಿ ಎಳೆದು ನೋಡಿ. ಲಿವರ್ ಪಾರ್ಕಿನಲ್ಲಿರಬೇಕೋ ನ್ಯೂಟ್ರಲ್ಲಿನಲ್ಲೋ ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಒಂದಿಷ್ಟು ಹೆಚ್ಚಿಗೆ ಇರಲಿ ಎಂದು ಗೆರೆ ಮೀರಿ ಸುರಿಯಬೇಡಿ. ತಿರುಗುವ ಗೇರುಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಒತ್ತಡ ನಿಲ್ಲುವುದಿಲ್ಲ, ಹೊಸ ಕಿಟ್ ಹಾಕಿದ ಕ್ಲಚ್ಚೂ ಜಾರತೊಡಗುತ್ತದೆ.